ಎದುರುಮನೆಯ ಉಪ್ಪುನೀರು

ನಾನು ಹುಟ್ಟಿದ ಮನೆಯಲ್ಲಿ ಮೀನು ಎಂದರೆ ರಂಗೋಲಿಯಲ್ಲಿ ಬರುವ ಒಂದು ಆಕಾರ, ಅಷ್ಟೇ. ಕೊಟ್ಟೂರಿನ ನಮ್ಮ ಓಣಿಯಲ್ಲಿ, ಪಕ್ಕದ ಬೀದಿಯವರು ಮೊಟ್ಟೆ ಬೇಯಿಸಿದರೂ ಕಿಟಕಿ ಮುಚ್ಚುವ ಹೆಂಗಸರಿದ್ದರು. ಅಂಥಲ್ಲಿಂದ ಬಂದ ನಾನು ಈಗ ಸಂಬಳಕ್ಕಾಗಿ ಮೀನು ಅರೆಯುತ್ತೇನೆ. ಒಂದು ಚೂರನ್ನೂ ಬಾಯಿಗೆ ಇಟ್ಟವಳಲ್ಲ. ಆದರೆ ಬಂಗುಡೆ ಸತ್ತು ಎಷ್ಟು ಹೊತ್ತಾಗಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಮೂಗಿನಿಂದ ಹೇಳಬಲ್ಲೆ. ತವರಿನವರ ಮುಂದೆ ಹೇಳಿಕೊಳ್ಳುವಂಥ ವಿದ್ಯೆ ಇದಲ್ಲ. ಅವರ ಪಾಲಿಗೆ ನಾನು "ಲ್ಯಾಬಿನಾಗ ರಕ್ತ ನೋಡ್ತಾಳ". ರಕ್ತಕ್ಕಿರುವ ಮರ್ಯಾದೆ ಮೀನಿಗಿಲ್ಲ.

ಲ್ಯಾಬು ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಜನರ ರಕ್ತ, ಮಧ್ಯಾಹ್ನದ ಮೇಲೆ ಜನರ ನೀರು, ಹಾಲು, ಊಟ. ಹಡಗಲಿಯ ಹೋಟೆಲಿನವರು, ಹರಪನಹಳ್ಳಿಯ ಬೇಕರಿಯವರು, ಕೂಡ್ಲಿಗಿಯ ಹಾಸ್ಟೆಲಿನವರು ಪುಟ್ಟ ಡಬ್ಬಿಗಳಲ್ಲಿ ತಂದುಕೊಡುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದ ಯಾರು ಯಾರು ವಾಸವಾಗಿದ್ದಾರೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಹುಟ್ಟಾ ಚಿಂತೆಯವಳಿಗೆ ಇಂಥ ಕೆಲಸ ಕೊಟ್ಟವರು ಯಾರೋ, ಬೆಂಕಿಗೆ ಎಣ್ಣೆಯ ಗುತ್ತಿಗೆ ಕೊಟ್ಟಂತೆ. ಪಾನಿಪುರಿಯ ಗಾಡಿ ಕಂಡರೆ ನನಗೆ ಅದರ ನೀರು ಕಾಣುವುದಿಲ್ಲ, ಆ ನೀರು ಗಾಜಿನ ತಟ್ಟೆಯ ಮೇಲೆ ಒಂದು ದಿನ ಕಳೆದ ಮೇಲೆ ಹೇಗಿರುತ್ತದೆ ಎಂಬುದು ಕಾಣುತ್ತದೆ. ಮದುವೆ ಮನೆಗಳಲ್ಲಿ ಮೊಸರನ್ನದ ಮುಂದೆ ನಿಂತು ನಿಟ್ಟುಸಿರು ಬಿಡುತ್ತೇನೆ. ನನ್ನ ಗಂಡ ಹೇಳುವುದು ಇಷ್ಟು: "ನಿನ್ನ ತಲ್ಯಾಗ ಯಾವಾಗ್ಲೂ ಒಂದು ಆಂಬ್ಯುಲೆನ್ಸು ಸೈರನ್ ಹಾಕ್ಕೊಂಡು ನಿಂತಿರ್ತೈತಿ. ಪೇಷಂಟ್ ಒಬ್ಬರು ಸಿಗವಲ್ಲರು."

ಪೇಷಂಟು ಎದುರುಮನೆಯಲ್ಲೇ ಇದ್ದಳು.

ನಾವು ಈ ಊರಿನಲ್ಲಿ ಮನೆ ಮಾಡಿದಾಗ ಮೊದಲು ನಮ್ಮ ಬಾಗಿಲಿಗೆ ಬಂದು ನಿಂತವಳು ಅವಳೇ. ನನಗಿಂತ ಹತ್ತಾರು ವರ್ಷ ದೊಡ್ಡವಳು. ಕೂಡ್ಲಿಗಿ ಕಡೆಯ ಕುರಿ ಸಾಕುವ ಮನೆತನದ ಮಗಳು. ಗಂಡನಿಗೆ ಊರಾಚೆ ಹೊಲ, ಕುರಿಹಟ್ಟಿ. ಮಗ ಟ್ರಾಕ್ಟರ್ ಗ್ಯಾರೇಜು ಇಟ್ಟಿದ್ದ. ಮನೆಯಲ್ಲಿ ಒಬ್ಬಳು ಸೊಸೆ. ನಾನು ಅವಳನ್ನು ಅಕ್ಕ ಎಂದೆ. ಅವಳು ನನ್ನನ್ನು ಮೊದಲ ದಿನ "ಮೇಡಂರೀ" ಎಂದು, ಎರಡನೆಯ ದಿನ "ತಂಗಿ" ಎಂದು, ನನ್ನ ಗುಣ ಗೊತ್ತಾದ ಮೇಲೆ ಕಾಯಂ ಆಗಿ "ಏ ಚಿಂತಿ" ಎಂದು ಕರೆದಳು. "ಏ ಚಿಂತಿ, ಗ್ಯಾಸ್ ಬಂದ್ ಮಾಡಿ ಬಂದೀಯೇನು, ನೋಡ್ಕೊಂಡು ಬಾ ಹೋಗು, ಆಮ್ಯಾಲೆ ಮಾತಾಡೂಣು." ನಾನು ನಿಜಕ್ಕೂ ಹೋಗಿ ನೋಡಿಕೊಂಡು ಬರುತ್ತಿದ್ದೆ.

ಅಕ್ಕನಿಗೆ ಎಂದೋ ಕಾಮಾಲೆ ಬಂದು ಹೋಗಿತ್ತು. ಹೋಗಿತ್ತು ಎಂದು ಎಲ್ಲರೂ ಅಂದುಕೊಂಡಿದ್ದರು. ಅದು ಅವಳ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂತು, ಅದನ್ನು ಒಣಗಿದ ಕೆರೆಯ ಮಣ್ಣಿನಂತೆ ಗಟ್ಟಿ ಮಾಡಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ರಕ್ತ ತೆಗೆದವಳು ನಾನೇ, ಅಂಕಿಗಳನ್ನು ಕಂಡು ಮುಖ ತಿರುಗಿಸಿಕೊಂಡವಳೂ ನಾನೇ. ದಾವಣಗೆರೆಯ ಡಾಕ್ಟರು ಔಷಧ ಬರೆದು, ಉಪ್ಪು ಕಡಿಮೆ ತಿನ್ನಿ, ನೀರು ಅಳೆದು ಕುಡಿಯಿರಿ ಎಂದಿದ್ದರು. ಅಕ್ಕ ತಲೆಯಾಡಿಸಿ ಬಂದಿದ್ದಳು. ಪಥ್ಯ ಎಂದರೆ ಅವಳಿಗೆ ಅರ್ಥವಾಗುತ್ತಿತ್ತು. ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ. ರೋಗ ಎಂದರೆ ಬಾಯಿಯ ವಿಚಾರ: ಏನು ತಿಂದದ್ದರಿಂದ ಬಂತು, ಏನು ಬಿಟ್ಟರೆ ಹೋಗುತ್ತದೆ.

ಈ ಊರಿಗೆ ಮೀನು ಹೊಸದಲ್ಲ. ತುಂಗಭದ್ರೆಯ ಹಿನ್ನೀರಿನ ಮೀನು ಬುಟ್ಟಿಯಲ್ಲಿ ಮಿಡುಕುತ್ತಲೇ ಬರುತ್ತದೆ, ಒಣ ಸೀಗಡಿ ಸಂತೆಯಲ್ಲಿ ಸೇರಿನಲ್ಲಿ ಅಳೆದು ಸಿಗುತ್ತದೆ. ಹೊಸದು ಹಸಿ ಸೀಗಡಿ. ಕೆಲವು ವರ್ಷಗಳಿಂದೀಚೆಗೆ ಕರಾವಳಿಯಿಂದ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ, ಐಸಿನ ಚೂರುಗಳ ನಡುವೆ, ಭಾನುವಾರ ಬೆಳಗಿನ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಗೆ ಸಮುದ್ರದ ಮಾಲು ಇಳಿಯತೊಡಗಿತು. ಅಕ್ಕನ ಮಗನಿಗೆ ಅದರ ಹುಚ್ಚು ಹಿಡಿಯಿತು. ಅಂಗಡಿಯವನು ಗಟ್ಟಿ ಮನುಷ್ಯ, ಮಾಲನ್ನು ಎಂದೂ ಬಿಸಿಲಿಗೆ ಬಿಟ್ಟವನಲ್ಲ. ಹಡಗಲಿಯ ಹೋಟೆಲಿನವರು ಪರೀಕ್ಷೆ ಮಾಡಿಸಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದದ್ದರಿಂದ ಒಂದು ಡಬ್ಬಿ ಸೀಗಡಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದ.

ಸಮುದ್ರದ ಮಾಲನ್ನು ಪರೀಕ್ಷಿಸುವ ಬಗೆ ಹೇಳಿದರೆ ಅಡುಗೆ ಹೇಳಿದಂತೆಯೇ ಇರುತ್ತದೆ. ಮಾಂಸವನ್ನು ಒಂದಿಷ್ಟು ಅರೆದು, ಉಪ್ಪು ಹಾಕಿದ ಒಂದು ತಿಳಿ ಸಾರಿನಲ್ಲಿ ಕಲಸಬೇಕು. ಅದನ್ನು ಮೈ ಬಿಸಿಯಷ್ಟು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ನಮಗೆ ಬೇಕಾದ ಜೀವಿ ಅದರಲ್ಲಿ ಒಂದೆರಡಿದ್ದರೂ ಆ ಬೆಚ್ಚಗಿನ ಉಪ್ಪಿನಲ್ಲಿ ಹಬ್ಬ ಮಾಡಿ ಲಕ್ಷಗಟ್ಟಲೆ ಆಗುತ್ತದೆ. ಆಮೇಲೆ ತಂತಿಯ ಕುಣಿಕೆಯಲ್ಲಿ ಒಂದು ಹನಿ ಎತ್ತಿ ಹಸಿರು ಬಣ್ಣದ ತಟ್ಟೆಯ ಮೇಲೆ ಗೀರಿದರೆ ಮರುದಿನ ಚುಕ್ಕಿಗಳು ಏಳುತ್ತವೆ. ವಿಬ್ರಿಯೋ ಎಂಬ ಕುಲ ಅದು; ಕಾಲರಾ ಅದೇ ಮನೆಯ ಹಿರಿಯ. ಇನ್ನೂ ಅನುಮಾನವಿದ್ದರೆ ಎರಡು ಗಾಜಿನ ನಳಿಕೆ ತೆಗೆದುಕೊಂಡು, ಒಂದರಲ್ಲಿ ಉಪ್ಪಿನ ಸಾರು, ಇನ್ನೊಂದರಲ್ಲಿ ಸಪ್ಪೆ ಸಾರು ಹಾಕಿ, ಎರಡರಲ್ಲೂ ಅದೇ ಚುಕ್ಕಿಯನ್ನು ಮುಟ್ಟಿಸಬೇಕು. ಸಪ್ಪೆಯದು ಕನ್ನಡಿಯಂತೆ ಉಳಿದು ಉಪ್ಪಿನದು ಗಂಜಿಯಂತೆ ಕದಡಿದರೆ, ಅದು ಸಮುದ್ರದ್ದೇ. ಉಪ್ಪಿಲ್ಲದೆ ಅದಕ್ಕೆ ಬದುಕಿಲ್ಲ.

ಅವನ ಸೀಗಡಿಯಿಂದ ಅಂಥ ಹಸಿರು ಚುಕ್ಕಿಗಳು ಎದ್ದವು. ಹೆಚ್ಚೇನಲ್ಲ.

"ಅಕ್ಕಾರ, ಏನ್ ಬಂತ್ರಿ?" ಅಂಗಡಿಯವನು ನನ್ನನ್ನು ಕೇಳಿದ.

"ಬರಬಾರದ್ದು ಬಂದೈತಿ."

"ಕೊಳತೈತೇನು?"

"ಇಲ್ಲ, ಮಾಲು ತಾಜಾ ಐತಿ. ಇದು ಸಮುದ್ರದ ನೀರಾಗಿರೋ ಹುಳ. ಜೋಡಿ ಬಂದೈತಿ."

"ಸಮುದ್ರದ ಮಾಲಿನಾಗ ಸಮುದ್ರದ ಹುಳ ಇಲ್ದ ಹಗರಿ ಹಳ್ಳದ ಹುಳ ಇರ್ತೈತೇನ್ರಿ? ಒಲಿ ಮ್ಯಾಲಿಟ್ರ ಸಾಯ್ತೈತೋ ಇಲ್ಲೋ?"

"ಸಾಯ್ತೈತಿ."

"ಮತ್ತ? ನಮ್ಮ ಗಿರಾಕಿ ಹಸೀದು ತಿಂತಾರೇನು? ಸೌತಿಕಾಯಿ ಕೊಟ್ರ ಸೈತ ಹುರಕೊಂಡು ತಿನ್ನೋ ಮಂದಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಐಸು ಕರಗಲು ಬಿಡಬೇಡ, ಕತ್ತರಿಸುವ ಮಣೆ ಬೇರೆ ಇಡು, ಕೈಗೆ ಗಾಯವಾದರೆ ಮುಟ್ಟಬೇಡ ಎಂದೆ. ಹೂಂ ಎಂದ, ಹಾಗೆ ಮಾಡಿದ ಕೂಡ. ಆರೋಗ್ಯವಂತರಿಗೆ ಈ ಜೀವಿ ಬಹುಪಾಲು ಏನೂ ಮಾಡುವುದಿಲ್ಲ; ಸರಿಯಾಗಿ ಬೇಯದ್ದನ್ನು ತಿಂದರೆ ಒಂದಿಷ್ಟು ವಾಂತಿ ಭೇದಿ. ಆದರೆ ಈ ಕುಲದಲ್ಲೇ ಒಬ್ಬನಿದ್ದಾನೆ. ಯಕೃತ್ತು ಕೆಟ್ಟವರ ರಕ್ತ ಸಿಕ್ಕರೆ ಅವನು ಗಂಟೆಗಳ ಲೆಕ್ಕದಲ್ಲಿ ಮನುಷ್ಯರನ್ನು ಮುಗಿಸುತ್ತಾನೆ. ನನ್ನ ತಟ್ಟೆಯ ಮೇಲೆ ಇದ್ದವನು ಅವನೋ ಅವನ ತಮ್ಮನೋ ಎಂದು ಹೇಳುವ ಸಾಮಾನು ನಮ್ಮ ಲ್ಯಾಬಿನಲ್ಲಿಲ್ಲ. ನನಗೆ ಅಷ್ಟು ಸಾಕಾಯಿತು. ತಲೆಯೊಳಗಿನ ಸೈರನ್ನು ಹತ್ತಿಕೊಂಡಿತು.

ಆ ಭಾನುವಾರ ನಮ್ಮ ಮನೆಯ ಗೇಟಿನಲ್ಲಿ ನಿಂತು ಎದುರುಮನೆಯ ಅಂಗಳವನ್ನು ಮೊದಲ ಸಲ ಲ್ಯಾಬಿನ ಕಣ್ಣಿನಿಂದ ನೋಡಿದೆ.

ಭಾನುವಾರ ಅವರ ಮನೆದೇವರ ವಾರ. ಮೊದಲು ದೇವರಿಗೆ ಸಿಹಿ ಎಡೆ, ಆಮೇಲೆ ಮನೆಯವರಿಗೆ ಖಾರ. ಎಡೆ ಏರಿಸುವವನು ಯಜಮಾನ. ಅವನು ಹಟ್ಟಿಗೆ ಹೋಗಿ ಕುರಿ ಬಿಡಿಸಿ, ಹೊಲಕ್ಕೊಂದು ಸುತ್ತು ಹಾಕಿ, ಬಂದು ಮಿಂದು ಪೂಜೆಗೆ ಕೂರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಅಲ್ಲಿಯವರೆಗೆ ಒಲೆಗೆ ಮಾಂಸ ತಗಲಬಾರದು, ಮನೆಯೊಳಗೂ ಬರಬಾರದು. ಫ್ರಿಜ್ ಇದೆ, ಆದರೆ ಅದರಲ್ಲಿ ದೇವರ ಹಾಲು, ತುಪ್ಪ ಇರುತ್ತದೆ. ಹೀಗಾಗಿ ಬೆಳಿಗ್ಗೆ ಮಗ ತಂದ ಸೀಗಡಿ ಅಂಗಳದಲ್ಲಿ, ತುಳಸಿಕಟ್ಟೆಯಿಂದ ದೂರ, ನೀರು ತುಂಬಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಧ್ಯಾಹ್ನದವರೆಗೆ ಕಾಯುತ್ತಿತ್ತು. ಹಿನ್ನೀರಿನ ಮೀನನ್ನು ಅವರು ತಲೆಮಾರಿನಿಂದ ಹಾಗೆ ನೀರಿನಲ್ಲಿ ಇಟ್ಟವರು. ಅದಕ್ಕೆ ಸಪ್ಪೆ ನೀರು. ಸೀಗಡಿ ಹೊಸದು. ಅದಕ್ಕೆ ಅಕ್ಕ ತಾನೇ ಯೋಚಿಸಿ ಒಂದು ಉಪಚಾರ ಕಂಡುಹಿಡಿದಿದ್ದಳು: ನೀರಿಗೆ ಎರಡು ಹಿಡಿ ಉಪ್ಪು.

"ಉಪ್ಪಿನಾಗ ಹುಟ್ಟಿದ್ದು ಉಪ್ಪಿನಾಗ ಕೆಡಂಗಿಲ್ಲ," ಎನ್ನುತ್ತಿದ್ದಳು. "ಪಾಪ, ಅದಕ್ಕೂ ತನ್ನ ಮನ್ಯಾಗ ಇದ್ದಂಗ ಇರ್ತೈತಿ."

ಓಣಿಯ ನಾಲ್ಕೈದು ಮನೆಗಳು ಅವಳನ್ನು ನೋಡಿ ಹಾಗೆಯೇ ಮಾಡತೊಡಗಿದ್ದವು. ನಾನು ಗೇಟಿನಲ್ಲಿ ನಿಂತು ನೋಡಿದೆ. ಮಾಂಸ, ಉಪ್ಪು, ನೀರು. ಮೈ ಬಿಸಿಗಿಂತ ಕಡಿಮೆಯಿಲ್ಲದ ಬಿಸಿಲು. ಆ ಜೀವಿಯನ್ನು ಬೆಳೆಸಲು ನಾನು ಅಷ್ಟು ಜೋಪಾನವಾಗಿ ಮಾಡುವುದನ್ನೇ ಅವಳು ಅದು ಕೆಡದಿರಲಿ ಎಂದು ಮಾಡುತ್ತಿದ್ದಳು. ನನ್ನ ಪೆಟ್ಟಿಗೆಗೆ ಕರೆಂಟು ಬೇಕು. ಅವಳದಕ್ಕೆ ಅದೂ ಬೇಡ.

ಚಿಕ್ಕ ಸೀಸೆ ಹಿಡಿದು ರಸ್ತೆ ದಾಟಿದೆ.

"ಅಕ್ಕಾ, ಈ ನೀರು ಒಂದೀಟು ತಗೊಳ್ಳೇನು?"

"ಮೀನಿನ ನೀರು? ಯಾರಿಗೆ ಮಾಟ ಮಾಡ್ಸಾಕವಾ, ಗಂಡಗೇನು?"

"ಅವನಿಗೆ ಮಾಟ ಹತ್ತಂಗಿಲ್ಲ. ಪರೀಕ್ಷಾ ಮಾಡಾಕ."

"ತಗೋ ತಗೋ. ಮೀನು ತಿನ್ನಂಗಿಲ್ಲ, ನೀರಾದ್ರೂ ಒಯ್ಯಿ." ಸೊಸೆ ಬಾಗಿಲಲ್ಲಿ ನಿಂತು ಸೆರಗಿನೊಳಗೆ ನಕ್ಕಳು.

ಮರುದಿನ ತಟ್ಟೆ ತೆಗೆದು ನೋಡಿದರೆ ಚುಕ್ಕಿಗಳೇ ಇರಲಿಲ್ಲ. ಒಂದಕ್ಕೊಂದು ಹತ್ತಿ, ಸಂದಿಲ್ಲದೆ ಹಾಸಿದ ಹಸಿರು ಪಾಚಿ. ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡೆ, ಅಕ್ಕನಿಗೆ ತೋರಿಸಲು.

ತೋರಿಸಿದೆ. ಅವಳ ಮನೆಯ ಕಟ್ಟೆಯ ಮೇಲೆ ಕೂತು, ಅವಳು ಶೇಂಗಾ ಸುಲಿಯುತ್ತಿರುವಾಗ. ಇದು ನಿನ್ನ ಪಾತ್ರೆಯ ನೀರು ಎಂದೆ. ಅವಳು ಫೋನನ್ನು ದೂರ ಹಿಡಿದು ನೋಡಿದಳು. "ಚಂದ ಐತಿ. ಸೀರಿ ಬಣ್ಣ."

"ನಗಬ್ಯಾಡಕ್ಕ. ಉಳಿದೋರಿಗೆ ಏನೂ ಆಗ್ಲಿಕ್ಕಿಲ್ಲ. ನಿನಗ ಲಿವರ್ ಸರಿ ಇಲ್ಲ, ಸಕ್ಕರಿ ಐತಿ. ನಿನ್ನ ರಕ್ತದಾಗ ಇದು ಹೊಕ್ತಂದ್ರ ಯಾವ ಡಾಕ್ಟರ ಕೈಲೂ ಆಗಂಗಿಲ್ಲ. ನೀನು ತಿನ್ನಬ್ಯಾಡ."

"ಕುದಿಸಿದ್ದೂ?"

"ಚೊಲೋ ಕುದಿಸಿದ್ರ ಸಾಯ್ತೈತಿ. ಆದ್ರೂ ಬ್ಯಾಡ. ಮುಟ್ಟಲೂ ಬ್ಯಾಡ. ಆ ನೀರಾಗ ಕೈ ಇಡಬ್ಯಾಡ."

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. ಅವಳು ನಗುತ್ತಲೇ ಇದ್ದಳು, ಆದರೆ ಬೇರೆ ನಗು.

"ಮುಟ್ಟಬ್ಯಾಡ ಅನ್ನೋದು ನಿಮ್ಮ ಕೊಟ್ಟೂರು ಮಾತು ಬಂತು ನೋಡು ಈಗ. ನಾನು ಹುಡುಗಿದ್ದಾಗ ನಿಮ್ಮಂಥೋರ ಮನಿಗೆ ಬೆಣ್ಣಿ ಕೊಡಾಕ ಹೋದ್ರ, ಮೀನು ತಿಂದೀಯೇನ ಅಂತ ಕೇಳಿ, ನಾ ಕುಂತ ಕಟ್ಟಿಗೆ ನೀರು ಹಾಕೋರು."

"ಹಂಗಲ್ಲಕ್ಕ, ನಾ ಹೇಳೋದು ಗಾಯದ್ದು. ಕೈಯಾಗ ಗಾಯ ಇದ್ರ..."

ಅವಳು ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದಳು. ಜೀವಮಾನವಿಡೀ ಜೋಳದ ದಂಟು, ಜಾಲಿಯ ಮುಳ್ಳು, ಕುರಿಯ ಹಗ್ಗ ಹಿಡಿದ ಕೈಗಳು. ಗೆರೆ ಯಾವುದು, ಬಿರುಕು ಯಾವುದು ತಿಳಿಯುತ್ತಿರಲಿಲ್ಲ. "ಈ ಕೈಗೆ ಗಾಯ ಇಲ್ಲದ ದಿನ ಯಾವುದೈತಿ? ಮುಟ್ಟಬ್ಯಾಡ ಅಂದ್ರ ಮನ್ಯಾಗ ಯಾವ ಕೆಲಸ ಮಾಡ್ಲಿ? ಸೊಸಿ ಸುಲಿದ್ರ ಅರ್ಧ ಸೀಗಡಿ ಸಿಪ್ಪಿ ಜೋಡಿ ತಿಪ್ಪಿಗೆ ಹೋಗ್ತೈತಿ."

"ಹಂಗಾರ ಉಪ್ಪರ ಹಾಕಬ್ಯಾಡ. ಐಸ್ ಹಾಕು."

"ಉಪ್ಪು ಹಾಕಿದ್ರ ಕೆಡತೈತಿ ಅನ್ನಾಕಿ ನೀನೊಬ್ಬಾಕಿನ ನೋಡು. ಹೋಗಿ ಉಪ್ಪಿನಕಾಯಿ ಹಾಕೋರಿಗೆ ಹೇಳು."

ನನ್ನ ಬಳಿ ಉತ್ತರವಿತ್ತು. ಉಪ್ಪಿನಕಾಯಿಯಷ್ಟು ಉಪ್ಪು ಸುರಿದರೆ ಆ ಜೀವಿಯೂ ಸಾಯುತ್ತದೆ, ಎರಡು ಹಿಡಿ ಅದಕ್ಕೆ ಊಟ. ಹೇಳಿದೆ ಕೂಡ. ಆದರೆ ಇದೇ ಕಟ್ಟೆಯ ಮೇಲೆ ಕೂತು ನಾನು ಬೋರಿನ ನೀರಿನ ಬಗ್ಗೆ, ಹಸಿ ಕೊತ್ತಂಬರಿಯ ಬಗ್ಗೆ, ಟೆರೇಸಿನ ಟ್ಯಾಂಕಿನ ಮುಚ್ಚಳದ ಬಗ್ಗೆ, ಒಮ್ಮೆ ಅವರ ಮನೆಯ ಗಿಳಿಯ ಹಿಕ್ಕೆಯ ಬಗ್ಗೆಯೂ ಇದೇ ದನಿಯಲ್ಲಿ ಎಚ್ಚರಿಸಿದ್ದೆ. ಗಿಳಿ ಚೆನ್ನಾಗಿಯೇ ಇತ್ತು. ಆಗಲೂ ಪಂಜರದಿಂದ ನನ್ನನ್ನೇ ನೋಡುತ್ತಿತ್ತು.

ಅಕ್ಕನಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ತಿನ್ನಂಗಿಲ್ಲ, ಹೋಗು. ಪಥ್ಯ ಅಂತ ತಿಳ್ಕೊಂತೀನಿ. ಆದ್ರ ಮುಟ್ಟಬ್ಯಾಡ ಅಂತ ಮಾತ್ರ ನನಗ ಅನಬ್ಯಾಡ, ನಿನ್ನ ಬಾಯಾಗ ಅದು ಚಂದ ಕಾಣಂಗಿಲ್ಲ."

ಮರುದಿನ ಲ್ಯಾಬಿನಿಂದ ರಬ್ಬರು ಕೈಗವಸಿನ ಒಂದು ಡಬ್ಬಿ ತಂದು ಸೊಸೆಯ ಕೈಗೆ ಕೊಟ್ಟೆ, ಅತ್ತೆಗೆ ಹಾಕಿಸು ಎಂದು. ಅತ್ತೆ ಅದನ್ನು ಹಾಕಿಕೊಂಡು, ಸೀಗಡಿಯ ಮೀಸೆ ಕೈಗೆ ಹತ್ತುವುದಿಲ್ಲ ಎಂದು ತೆಗೆದೆಸೆದಳಂತೆ. ಡಬ್ಬಿ ಸೊಸೆಯ ಗಂಡನ ತಲೆಗೂದಲಿಗೆ ಬಣ್ಣ ಹಚ್ಚಲು ಉಪಯೋಗವಾಯಿತು.

ಆದರೆ ಪಥ್ಯವನ್ನು ಅಕ್ಕ ವ್ರತದಂತೆ ಹಿಡಿದಳು. ಸೀಗಡಿಯನ್ನು ಅವಳಷ್ಟು ಇಷ್ಟಪಡುವವರು ಆ ಮನೆಯಲ್ಲಿ ಇರಲಿಲ್ಲ; ಒಣಗಿದ್ದನ್ನು ಚಟ್ನಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಂಡು ಬೆಳೆದವಳು. ಈಗ ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾನು ಮಜ್ಜಿಗೆಯಲ್ಲಿ ಅನ್ನ ಕಲಸಿಕೊಂಡು ಹೊರಗಿನ ಕಟ್ಟೆಗೆ ಬಂದು ಕೂತು, ನಮ್ಮ ಮನೆಯ ಕಡೆ ತಟ್ಟೆ ಎತ್ತಿ ತೋರಿಸುತ್ತಿದ್ದಳು. "ನೋಡ್ಕೋ ಚಿಂತಿ. ಬರೀ ಮಜ್ಜಿಗಿ. ಆಮ್ಯಾಲೆ ಹೇಳೀಯ." ನಾನು ಗೇಟಿನಿಂದ ಕೈಯೆತ್ತುತ್ತಿದ್ದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನನಗೆ ಗೆದ್ದಂತೆ ಅನ್ನಿಸುತ್ತಿತ್ತು. ನನ್ನ ಇಷ್ಟು ವರ್ಷಗಳ ಚಿಂತೆಯಲ್ಲಿ ಯಾರೋ ಒಬ್ಬರು ಒಂದನ್ನಾದರೂ ಕಿವಿಗೆ ಹಾಕಿಕೊಂಡಿದ್ದರು. ತಟ್ಟೆಯನ್ನು ನೋಡುತ್ತಿದ್ದೆ, ತಟ್ಟೆ ಹಿಡಿದ ಕೈಯನ್ನು ನೋಡಿದ ನೆನಪಿಲ್ಲ.

ಬೇಸಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂದು ಸೋಮವಾರ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಸೊಸೆ ಓಡಿಬಂದಳು. "ಆಂಟೀ, ಅತ್ತೀಗೆ ಜರಿ ಕಡದೈತಿ ಅಂತ. ಕೈ ಬಾತೈತಿ. ನೀವೊಮ್ಮಿ ನೋಡ್ರಿ."

ಅಕ್ಕ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಬಲಗೈಗೆ ಅರಿಸಿನ, ಸುಣ್ಣ ಮೆತ್ತಿದ ಬಟ್ಟೆ. ನಿನ್ನೆ ಸಂಜೆ ಬೆರಳು ಸಿಡಿಯತೊಡಗಿತಂತೆ. ಕಟ್ಟಿಗೆ ರಾಶಿಯಲ್ಲಿ ಜರಿಹುಳ ಕಡಿದಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಯಜಮಾನ ಮಂತ್ರ ಹಾಕುವವನನ್ನು ಕರೆತರಲು ಹೊರಟು ನಿಂತಿದ್ದ. ನಾನು ಬಟ್ಟೆ ಬಿಚ್ಚಿದೆ. ಕೈ ಮೊಣಕೈಯವರೆಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಹೆಬ್ಬೆರಳ ಬುಡದಿಂದ ಮೇಲಕ್ಕೆ ಕಪ್ಪು ಬಿದ್ದ ಗುಳ್ಳೆಗಳು, ನೇರಳೆ ಹಣ್ಣಿನಂಥವು. ಹಣೆ ಮುಟ್ಟಿದರೆ ಕಾದ ಹಂಚು. ಪಾದ ಮುಟ್ಟಿದರೆ ತಣ್ಣಗೆ. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ.

"ನಿನ್ನಿ ಸೀಗಡಿ ಸುಲಿದ್ಯೇನಕ್ಕ?"

"ಸುಲಿದೆ."

"ಚುಚ್ಚಿತೇನು?"

"ಅದರ ತಲಿ ಮ್ಯಾಲಿನ ಮುಳ್ಳು ಯಾವಾಗ್ಲೂ ಚುಚ್ಚತೈತಿ. ಅದಕ್ಕೇನು." ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ಒಂದು ತುಣುಕು ತಿಂದಿಲ್ಲ ನೋಡು. ದೇವರಾಣಿ."

ಜರಿ ಅಲ್ಲ, ಗಾಡಿ ತೆಗೀರಿ ಎಂದೆ. ಯಜಮಾನ ನನ್ನನ್ನು ನೋಡಿ, ಹೆಂಡತಿಯನ್ನು ನೋಡಿದ. ಅವನು ಒಳ್ಳೆಯ ಮನುಷ್ಯ. ಅವನ ಮುಖದಲ್ಲಿ ಆ ಕ್ಷಣ ಏನು ಓಡಿತೆಂದು ನನಗೆ ಸ್ಪಷ್ಟವಾಗಿ ಗೊತ್ತು. ಇವಳು ಗಿಳಿಯ ಬಗ್ಗೆಯೂ ಹೀಗೇ ಹೇಳಿದ್ದಳು. "ಮಂತ್ರದವನು ಇಲ್ಲೇ ಅದಾನ, ಒಂದ್ ಚಣ ತೋರ್ಸಿಕೊಂಡು..." ಎಂದ.

"ಅಣ್ಣಾರ, ನಾನು ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಅಂತ ಇಟ್ಕೊಳ್ರಿ. ಇದೊಂದು ಕೇಳ್ರಿ."

ಮಗ ಆಗಲೇ ಗ್ಯಾರೇಜಿನ ಕಾರು ತಂದು ನಿಲ್ಲಿಸಿದ್ದ.

ಹರಪನಹಳ್ಳಿಯ ಮೇಲೆ ದಾವಣಗೆರೆಗೆ. ಆ ರಸ್ತೆಯಲ್ಲಿ ನಾನು ಮದುವೆ ಸೀರೆಗೆ, ಬೆಣ್ಣೆ ದೋಸೆಗೆ ಹೋಗಿ ಬಂದವಳು. ಅಂದು ಅದರ ಪ್ರತಿ ಹಂಪು ಅಕ್ಕನ ಕೈಗೆ ತಗಲುತ್ತಿತ್ತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾನು ಸುಣ್ಣ ಬಳಿದ ಗುರುತಿನಿಂದ ಅಳೆಯುತ್ತ ಕೂತಿದ್ದೆ: ಊರು ಬಿಟ್ಟಾಗ ಕಪ್ಪು ಆ ಗುರುತಿನ ಕೆಳಗಿತ್ತು, ಹರಪನಹಳ್ಳಿ ದಾಟುವಾಗ ಅದನ್ನು ಮೀರಿತ್ತು.

"ಏ ಚಿಂತಿ," ಎಂದಳು, ಕಣ್ಣು ಮುಚ್ಚಿಕೊಂಡೇ. "ಗ್ಯಾಸ್ ಬಂದ್ ಮಾಡೀಯೇನು?"

"ಮಾಡೀನಿ."

"ಈಗ ಚಿಂತಿಗೆ ಏನೂ ಉಳೀಲಿಲ್ಲ ಹಂಗಾರ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ಯಾರಿಗೋ ಲೆಕ್ಕ ಒಪ್ಪಿಸುವವಳಂತೆ: "ತಿಂದಿಲ್ಲ. ವಾಸನಿ ಅಷ್ಟ ತಗೊಂಡೀನಿ."

ಆಸ್ಪತ್ರೆಯಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು, ಚುರುಕಿನವಳು. ಸಕ್ಕರೆ ಕಾಯಿಲೆಯವರ ಕೈಕಾಲು ಹೀಗೆ ಕೆಡುವುದನ್ನು ದಿನವೂ ನೋಡುವವಳು. ಅದಕ್ಕೆ ಕೊಡುವ ಔಷಧವನ್ನೇ ಬರೆಯುತ್ತಿದ್ದಳು. ನಾನು ಅಡ್ಡ ನಿಂತು, ಇದು ಸಮುದ್ರದ ವಿಬ್ರಿಯೋ ಇರಬಹುದು ಮೇಡಂ ಎಂದೆ. ಅವಳು ಪೆನ್ನು ಎತ್ತಿ, "ಇವರು ಸಮುದ್ರದ ಕಡೆ ಹೋಗಿದ್ರಾ?" ಎಂದು ಕೇಳಿದಳು.

"ಇಲ್ಲ. ಸಮುದ್ರಾನೇ ಇವರ ಮನಿ ಅಂಗಳಕ್ಕ ಬಂದಿತ್ತು."

ಫೋನು ತೆಗೆದು ತಟ್ಟೆಯ ಚಿತ್ರ ತೋರಿಸಿದೆ. ಅವಳು ನೋಡಿದಳು. ಅಕ್ಕನಂತೆ ದೂರ ಹಿಡಿದಲ್ಲ, ಹತ್ತಿರ ತಂದು ದೊಡ್ಡದು ಮಾಡಿ. "ಇದು ಎಲ್ಲಿಂದ ತೆಗೆದದ್ದು?"

"ಇವರು ಕೈ ಇಟ್ಟ ಪಾತ್ರಿಯಿಂದ. ಹಿಂದಿನದು, ಆದ್ರ ಪಾತ್ರಿ ಅದೇ ಐತಿ. ಲಿವರ್ ಸಿರೋಸಿಸ್ ಐತ್ರಿ."

ಅವಳು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದಳು, ಸರ್ಜನನನ್ನು ಕರೆಸಿದಳು. ಗುಳ್ಳೆಯ ನೀರನ್ನು ಪರೀಕ್ಷೆಗೆ ಕಳುಹಿಸುವಾಗ ಉಪ್ಪಿನ ಸಾರಿನಲ್ಲಿ ಹಾಕಿ ಎಂದು ಲ್ಯಾಬಿನವರಿಗೆ ತಾನೇ ಹೇಳಿದಳು. ಇನ್ನೊಬ್ಬರು ನನ್ನ ಮಾತನ್ನು ಅಷ್ಟು ಬೇಗ ನಂಬಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಅವಳಿಗೆ ನನ್ನ ಪರಿಚಯವಿರಲಿಲ್ಲ.

ಮೊಣಕೈಯ ಮೇಲಕ್ಕೆ ಕೈ ಕತ್ತರಿಸಿ ತೆಗೆದರು. ಆದರೆ ಅದು ಆಗಲೇ ಕೈ ಬಿಟ್ಟು ರಕ್ತಕ್ಕೆ ಹೋಗಿತ್ತು. ಕಾಲುಗಳ ಮೇಲೂ ಅದೇ ನೇರಳೆ ಕಲೆಗಳು ಎದ್ದವು. ಎರಡು ದಿನ ಅಕ್ಕ ಯಂತ್ರದ ಉಸಿರಿನಲ್ಲಿ ಇದ್ದಳು. ಮೂರನೆಯ ದಿನ ಇರಲಿಲ್ಲ. ಗುಳ್ಳೆಯ ನೀರಿನಲ್ಲಿ ಸಿಕ್ಕಿದವನು ಯಾರು ಎಂದು ದಾವಣಗೆರೆಯವರು ಖಚಿತ ಮಾಡಿ ಹೇಳಿದ್ದು ಆಮೇಲೆ. ಕುಲದ ಆ ಒಬ್ಬನೇ. ಡಾಕ್ಟರು ಫೋನು ಮಾಡಿ, "ನೀವು ಹೇಳಿದ್ದು ಸರಿ ಇತ್ತು," ಎಂದಳು. ಸರಿ ಇದ್ದದ್ದನ್ನು ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಹೂಂ ಎಂದೆ. ನನ್ನ ಗಂಡ ಅಂದಿನಿಂದ ಆಂಬ್ಯುಲೆನ್ಸಿನ ಮಾತು ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಮೀನಂಗಡಿಯವನು ಮಣ್ಣಿಗೆ ಬಂದಿದ್ದ. ದೂರದಲ್ಲಿ ನಿಂತು, ನನ್ನ ಬಳಿಗೆ ಬಂದು, "ಒಲಿ ಮ್ಯಾಲಿಟ್ರ ಸಾಯ್ತೈತಿ ಅಂದಿದ್ರಿ," ಎಂದ. ಆಪಾದನೆಯಲ್ಲ, ಅವನಿಗೂ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಒಲೆಗೆ ಏರುವ ಮೊದಲೇ ಆದದ್ದು ಎಂದೆ.

ದಿನ ಮಾಡುವ ದಿನ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಒಂದು ಬಿಟ್ಟರೂ ಅವರ ಜೀವ ಅದರ ಸುತ್ತಲೇ ಸುಳಿಯುತ್ತದೆ ಎನ್ನುತ್ತಾರೆ. ಬೆಳಿಗ್ಗೆ ನಾನು ಗೇಟಿಗೆ ಬಂದಾಗ ಎದುರುಮನೆಯ ತುಂಬ ಜನ. ಅಂಗಳದಲ್ಲಿ, ತುಳಸಿಕಟ್ಟೆಯಿಂದ ದೂರ, ಅದೇ ಅಲ್ಯೂಮಿನಿಯಂ ಪಾತ್ರೆ. ಒಳಗೆ ಸೀಗಡಿ. ಸೊಸೆ ಉಪ್ಪಿನ ಡಬ್ಬಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಪೂಜೆಗೆ ಇನ್ನೂ ಹೊತ್ತಿತ್ತು.

ನಾನು ರಸ್ತೆ ದಾಟಿದೆ. ಅವಳು ತಲೆ ಎತ್ತಿದಳು. ಅತ್ತು ಕಣ್ಣು ಊದಿದ್ದವು.

"ಅತ್ತಿ ಜೀವ ಇದರ ಮ್ಯಾಲೆ ಇತ್ತು ಆಂಟಿ. ನೀವು ಬ್ಯಾಡ ಅಂದ ಮ್ಯಾಲೆ ಒಮ್ಮೀನೂ ತಿನ್ನಲಿಲ್ಲ. ಇವತ್ತರ ಇಡಬೇಕಲ್ರಿ."

"ಇಡು. ಇಡಬ್ಯಾಡ ಅನ್ನಂಗಿಲ್ಲ."

"ಉಪ್ಪು?"

"ಬ್ಯಾಡ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಮಗನನ್ನು ಐಸಿಗೆ ಕಳುಹಿಸಿದೆವು. ನಾನು, ಹುಟ್ಟಿದಾಗಿನಿಂದ ಮೀನಿನ ಪಾತ್ರೆ ಎತ್ತದವಳು, ಬಂಧುಗಳೆಲ್ಲ ನೋಡುತ್ತಿರುವಾಗ ಅದನ್ನೆತ್ತಿ ಬಚ್ಚಲಿನಲ್ಲಿ ಬಗ್ಗಿಸಿ, ಸಪ್ಪೆ ನೀರಿನಲ್ಲಿ ತೊಳೆದು ತಂದಿಟ್ಟೆ. ಲ್ಯಾಬಿನ ಕೈಗವಸು ಹಾಕಿಕೊಂಡಿದ್ದೆ. ಒಬ್ಬ ಮುದುಕಿ ಇನ್ನೊಬ್ಬಳಿಗೆ, "ಮುಟ್ಟಾಕ ಹೇಸಿಗಿ ನೋಡು ಆಕಿಗೆ," ಎಂದಳು. ಕೇಳಿಸಿತು.

ಸುಲಿಯಲು ಸೊಸೆ ಮಣೆ ಎಳೆದುಕೊಂಡಳು. ನಾನು ಅವಳ ಎದುರಿಗೆ ಕೂತೆ.

"ಮೊದ್ಲು ಕೈ ತೋರ್ಸು."

ಅವಳು ನಗಲಿಲ್ಲ. ಸೆರಗಿನಿಂದ ಒರೆಸಿ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು, ಅಂಗೈ ಮೇಲೆ ಮಾಡಿ. ನಾನು ಒಂದೊಂದೇ ಬೆರಳು ಬಿಡಿಸಿ ನೋಡಿದೆ. ಎಡಗೈಯ ತೋರುಬೆರಳಿನಲ್ಲಿ ಈಳಿಗೆ ತಗುಲಿದ ಸಣ್ಣ ಗೀರು, ಇನ್ನೂ ಕೆಂಪಗೆ. "ಇದು ಯಾವಾಗಿನದು?" ಎಂದೆ. "ಇವತ್ತಿಂದು," ಎಂದಳು. ನಾನು ಮಣೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಸೀಗಡಿ ಹೇಗೆ ಸುಲಿಯುವುದೆಂದು ನನಗೆ ಗೊತ್ತಿರಲಿಲ್ಲ. ಅವಳು ಕೈ ಹಿಂದೆ ಕಟ್ಟಿಕೊಂಡು, ಮೊದಲು ತಲೆ ಎಲ್ಲಿ ಹಿಡಿಯಬೇಕೆಂದು ಹೇಳಿಕೊಡತೊಡಗಿದಳು.